ಜ್ಯೇಷ್ಠರು ಯಾರು?

‘ಜ್ಯೇಷ್ಠ’ ಎಂಬ ಮಾತಿನಲ್ಲಿ ಒಂದು ಸ್ವಾರಸ್ಯ ಅಡಗಿದೆ. ‘ಪ್ರಶಸ್ಯ’ ಎಂಬ ಶಬ್ದಕ್ಕೂ ‘ವೃದ್ಧ’ ಎಂಬ ಶಬ್ದಕ್ಕೂ ಇಂಥ ಕಡೆಯಲ್ಲಿ ‘ಜ್ಯ’ ಎಂಬುದೇ ಆದೇಶವಾಗಿ ಬರುತ್ತದೆಂದು ಪಾಣಿನಿಯ ವ್ಯಾಕರಣ ಹೇಳುತ್ತದೆ. ಆದ್ದರಿಂದ ಜ್ಯೇಷ್ಠನೆಂದರೆ ಎಲ್ಲರಿಗಿಂತ ಮೇಲಾದವನೂ ಹೌದು, ಎಲ್ಲರಿಗಿಂತ ಹಿರಿಯನೂ ಹೌದು. ಈ ಎರಡು ಅರ್ಥಗಳು ಒಬ್ಬನಲ್ಲಿಯೇ ಕೂಡಿದ್ದರೆ ಜಗಳವಿಲ್ಲ. ಅವು ಬೇರೆಯಾದರೆ ಏನಾಗುತ್ತದೆಂಬುದಕ್ಕೆ ಧೃತರಾಷ್ಟ್ರನ ಮನೆಯೇ ಸಾಕ್ಷಿ. ಹುಟ್ಟಿನಲ್ಲಿ ಅವನು ಹಿರಿಯ, ಪಟ್ಟ ದೊರೆತದ್ದು ಪಾಂಡುವಿಗೆ. ಆ ಲೆಕ್ಕ ತೀರಿದ್ದು ಕುರುಕ್ಷೇತ್ರದಲ್ಲಿ.

ನಮ್ಮ ಕಚೇರಿಗಳಲ್ಲಿ ಈ ತೊಂದರೆಯನ್ನು ತಪ್ಪಿಸುವುದಕ್ಕೆಂದೇ ಜ್ಯೇಷ್ಠತಾ ಪಟ್ಟಿ ಎಂಬುದೊಂದನ್ನು ಮಾಡಿಟ್ಟಿದ್ದಾರೆ. ಯಾರು ಮೇಲು ಎಂದು ಅದು ಕೇಳುವುದಿಲ್ಲ, ಯಾರು ಮೊದಲು ಬಂದರು ಎಂದಷ್ಟೇ ಕೇಳುತ್ತದೆ. ಸರ್ಕಾರಿ ಗುಮಾಸ್ತರಿಗೂ ನಮ್ಮಂಥ ಉಪಾಧ್ಯಾಯರಿಗೂ ಈ ಪಟ್ಟಿಯ ಬಿಸಿ ಚೆನ್ನಾಗಿ ಗೊತ್ತು. ಆದರೆ ಭೂಮಿಯ ಮೇಲೆ ಕೆಲಸಮಾಡುವ ನಮಗಿಂತಲೂ ಹೆಚ್ಚು ಬಿಗಿಯಾಗಿ ಈ ಪಟ್ಟಿಗೆ ಕಟ್ಟುಬಿದ್ದವರು ಆಕಾಶದಲ್ಲಿ ಕೆಲಸಮಾಡುವವರು ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ವಿಮಾನ ಚಾಲಕರ ಜ್ಯೇಷ್ಠತೆಯ ಕಥೆಯನ್ನು, ಅದರಲ್ಲಿಯೂ ಎರಡು ಕಂಪನಿಗಳು ಒಂದಾದಾಗ ಅದಕ್ಕೆ ಬಂದೊದಗುವ ಸಂಕಟದ ಕಥೆಯನ್ನು, ಇಲ್ಲಿ ಸ್ವಲ್ಪದರಲ್ಲಿ ಹೇಳಬೇಕೆಂದಿದ್ದೇನೆ.

ವಿಮಾನ ಹತ್ತಿ ಕುಳಿತ ನಮಗೆ ಚಾಲಕನ ಹೆಸರನ್ನು ಹೇಳುತ್ತಾರೆ, ಅವನ ಸಂಖ್ಯೆಯನ್ನು ಹೇಳುವುದಿಲ್ಲ. ಅವನ ಮಟ್ಟಿಗಾದರೋ ಹೆಸರಿಗಿಂತ ಸಂಖ್ಯೆಯೇ ದೊಡ್ಡದು. ಕೆಲಸಕ್ಕೆ ಸೇರಿದ ದಿನ ಪಟ್ಟಿಯ ತಳದಲ್ಲಿ ಅವನಿಗೊಂದು ಸ್ಥಾನ. ಮೇಲಿನವರು ನಿವೃತ್ತರಾದಂತೆ, ಕಂಪನಿ ಹೊಸ ವಿಮಾನಗಳನ್ನು ತಂದಂತೆ, ಅವನು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾನೆ. ಸಹಚಾಲಕನ ಬಲಗಡೆಯ ಆಸನದಿಂದ ಕ್ಯಾಪ್ಟನ್ನನ ಎಡಗಡೆಯ ಆಸನಕ್ಕೆ, ಸಣ್ಣ ವಿಮಾನದಿಂದ ದೊಡ್ಡ ವಿಮಾನಕ್ಕೆ ಹೋಗುವುದು ಈ ಸಂಖ್ಯೆಯ ಬಲದಿಂದ. ಅಮೆರಿಕದಂಥ ದೇಶದಲ್ಲಿ ಯಾವ ಊರಿನಲ್ಲಿ ನೆಲೆ, ಯಾವ ತಿಂಗಳು ಯಾವ ಹಾರಾಟ, ಹಬ್ಬದ ದಿನ ಮನೆಯಲ್ಲೋ ದೂರದ ಹೋಟಲಿನಲ್ಲೋ ಎಂಬುದನ್ನೂ ಅದೇ ನಿರ್ಣಯಿಸುತ್ತದೆ. ಕೆಟ್ಟ ಕಾಲ ಬಂದರೆ ಪಟ್ಟಿ ತಲೆಕೆಳಗಾಗಿ ಕೆಲಸ ಮಾಡುತ್ತದೆ: ಕೊನೆಗೆ ಬಂದವನು ಮೊದಲು ಮನೆಗೆ.

ಇದರಲ್ಲಿ ಇನ್ನೊಂದು ಮರ್ಮವಿದೆ. ಹೆಸರಾಂತ ವೈದ್ಯರು ಒಂದು ಆಸ್ಪತ್ರೆ ಬಿಟ್ಟು ಇನ್ನೊಂದಕ್ಕೆ ಹೋದರೆ ಅವರ ಹೆಸರೂ ಜೊತೆಯಲ್ಲಿ ಹೋಗುತ್ತದೆ. ವಕೀಲರು ಊರು ಬಿಟ್ಟರೂ ಅವರ ಅನುಭವಕ್ಕೆ ಬೆಲೆಯುಂಟು. ಆದರೆ ಈ ಪದ್ಧತಿ ಬೇರೂರಿದ ಕಡೆಗಳಲ್ಲಿ, ಇಪ್ಪತ್ತು ವರ್ಷ ಕ್ಯಾಪ್ಟನ್ನನಾಗಿದ್ದವನು ಬೇರೊಂದು ಕಂಪನಿಗೆ ಹೋದರೆ ಅಲ್ಲಿ ಅವನು ಹೊಸಬನೇ. ನಿನ್ನೆ ಮೊನ್ನೆ ಬಂದ ಹುಡುಗನ ಹಿಂದೆ, ಸಹಚಾಲಕನ ಸಂಬಳಕ್ಕೆ ನಿಲ್ಲಬೇಕು. ಜ್ಯೇಷ್ಠತೆಯೆಂಬುದು ಅವನು ಇಡೀ ಬಾಳಿನಲ್ಲಿ ಕೂಡಿಟ್ಟ ಆಸ್ತಿ. ಆದರೆ ಆ ಆಸ್ತಿ ಇರುವುದು ಕಂಪನಿಯ ಮನೆಯೊಳಗೆ. ಮನೆ ಮುಳುಗಿದರೆ ಅದೂ ಮುಳುಗಿತು. ಮನೆ ಮಾರಾಟವಾದರೆ ಕೊಂಡವನು ಅದನ್ನು ಎಷ್ಟಕ್ಕೆ ಎಣಿಸುತ್ತಾನೋ ಅಷ್ಟೇ ಅದರ ಬೆಲೆ.

ಇಷ್ಟು ಗಡುಸಾದ ನಿಯಮವನ್ನು ಚಾಲಕರು ತಾವಾಗಿಯೇ ಏಕೆ ಬಯಸಿದರು? ಇದಕ್ಕೆ ಉತ್ತರ ವಿಮಾನಯಾನದ ಬಾಲ್ಯಕಾಲದಲ್ಲಿದೆ. ಅಮೆರಿಕದಲ್ಲಿ ಆರಂಭದ ದಿನಗಳಲ್ಲಿ ನಿಯತವಾಗಿ ವಿಮಾನ ಹಾರಿಸಿದವರಲ್ಲಿ ಅಂಚೆ ಇಲಾಖೆಯೂ ಒಂದು. ೧೯೧೯ರ ಜುಲೈ ತಿಂಗಳಲ್ಲಿ ನ್ಯೂಯಾರ್ಕಿನ ಬಳಿಯ ಬೆಲ್ಮಾಂಟ್ ಪಾರ್ಕ್ ನಿಲ್ದಾಣದಲ್ಲಿ ದಟ್ಟವಾದ ಮಂಜು ಕವಿದಾಗ ಚಾಲಕರು ಹಾರಲೊಪ್ಪಲಿಲ್ಲ. ಮೇಲಧಿಕಾರಿಗಳು ಹಾರಲೇಬೇಕೆಂದರು, ಒಪ್ಪದ ಇಬ್ಬರನ್ನು ಕೆಲಸದಿಂದ ತೆಗೆದರು. ಉಳಿದವರು ಮುಷ್ಕರ ಹೂಡಿದರು. ಹವೆಯನ್ನು ನೋಡಿ ‘ಈಗ ಬೇಡ’ ಎನ್ನುವ ಹಕ್ಕು ಯಾರದು, ವಿಮಾನದಲ್ಲಿ ಕುಳಿತವನದೋ ಮೇಜಿನ ಮುಂದೆ ಕುಳಿತವನದೋ ಎಂಬುದೇ ಅಲ್ಲಿನ ಪ್ರಶ್ನೆ.

೧೯೩೧ರಲ್ಲಿ ಅಮೆರಿಕದ ಚಾಲಕರು ತಮ್ಮದೊಂದು ಸಂಘವನ್ನು ಕಟ್ಟಿದರು. ಕಾಲಕ್ರಮದಲ್ಲಿ ಜ್ಯೇಷ್ಠತೆಯ ನಿಯಮ ಅವರ ಒಪ್ಪಂದಗಳಲ್ಲಿ ಬೇರೂರಿತು. ಬಡ್ತಿ ಕೊಡುವುದೂ ಬಿಡುವುದೂ ಮೇಲಧಿಕಾರಿಯ ಮರ್ಜಿಯಲ್ಲಿದ್ದರೆ, ಬಿರುಗಾಳಿಯಲ್ಲಿ ಹಾರಲೊಲ್ಲದ ಎಚ್ಚರಿಕೆಯ ಚಾಲಕನು ಹಿಂದೆ ಬೀಳುತ್ತಾನೆ, ಧಣಿಯ ಮನಸ್ಸು ನೋಡಿ ಹಾರುವವನು ಮುಂದೆ ಹೋಗುತ್ತಾನೆ. ಪಟ್ಟಿಗೆ ಮುಖದಾಕ್ಷಿಣ್ಯವಿಲ್ಲ. ಪಟ್ಟಿ ಇರುವಲ್ಲಿ ಚಾಲಕನು ಹೆದರದೆ ‘ಇಲ್ಲ’ ಎನ್ನಬಲ್ಲ. ಆದ್ದರಿಂದ ಈ ನಿಯಮವನ್ನು ಬರಿಯ ನೌಕರರ ಸ್ವಾರ್ಥವೆಂದು ತಳ್ಳಿಹಾಕುವಂತಿಲ್ಲ. ಹಿಂದೆ ಕುಳಿತ ಪ್ರಯಾಣಿಕರ ಕ್ಷೇಮವೂ ಅದರಲ್ಲಿ ಅಷ್ಟಿಷ್ಟು ಸೇರಿದೆ.

ಒಂದು ಕಂಪನಿಯೊಳಗೆ ಈ ನಿಯಮ ಸಲೀಸು. ಎರಡು ಕಂಪನಿಗಳು ಒಂದಾದಾಗ ಅದರ ಸರಳತೆ ಮಾಯವಾಗುತ್ತದೆ. ಒಂದು ಮದುವೆ ಮನೆಯನ್ನು ಕಲ್ಪಿಸಿಕೊಳ್ಳೋಣ. ಎರಡು ಅಂಗಳಗಳಲ್ಲಿ ಎರಡು ಪಂಕ್ತಿಗಳು ಕುಳಿತಿವೆ. ಇದ್ದಕ್ಕಿದ್ದಂತೆ ಎರಡನ್ನೂ ಸೇರಿಸಿ ಒಂದೇ ಪಂಕ್ತಿ ಮಾಡಬೇಕೆಂದು ಯಜಮಾನ ಹೇಳುತ್ತಾನೆ. ಒಂದು ಅಂಗಳದವರು ಬೆಳಗಿನಿಂದ ಕಾದು ಕುಳಿತವರು. ಆದರೆ ಅವರ ಅಡಿಗೆಮನೆಯಲ್ಲಿ ಅನ್ನ ತೀರುತ್ತ ಬಂದಿದೆ. ಇನ್ನೊಂದು ಅಂಗಳದವರು ಈಗತಾನೆ ಬಂದವರು. ಆದರೆ ಅವರ ಕಡೆ ಹಂಡೆ ತುಂಬಿದೆ. ಮೊದಲು ಯಾರಿಗೆ ಬಡಿಸಬೇಕು? ಮೊದಲು ಬಂದವರಿಗೆ ಎಂದರೆ ಎರಡನೆಯ ಅಂಗಳದವರು, ‘ನಮ್ಮ ಅನ್ನ, ನಮಗೇ ಕೊನೆಯ ಎಲೆಯೆ?’ ಎನ್ನುತ್ತಾರೆ. ಒಬ್ಬರಾದ ಮೇಲೆ ಒಬ್ಬರಂತೆ ಹೆಣೆಯೋಣವೆಂದರೆ ಮೊದಲಿನವರು, ‘ನಾವು ಕಾದ ಕಾಲಕ್ಕೆ ಬೆಲೆಯಿಲ್ಲವೆ?’ ಎನ್ನುತ್ತಾರೆ. ಎರಡು ಮಾತೂ ನ್ಯಾಯವೇ. ತೊಡಕಿರುವುದು ಅಲ್ಲಿಯೇ.

ಚಾಲಕರ ಪಟ್ಟಿಗಳನ್ನು ಕೂಡಿಸುವುದಕ್ಕೆ ಮುಖ್ಯವಾಗಿ ಮೂರು ಮಾರ್ಗಗಳು ಕಂಡುಬಂದಿವೆ. ಮೊದಲನೆಯದು ನೇಮಕದ ದಿನಾಂಕವನ್ನು ನೋಡಿ ಸೇರಿಸುವುದು. ಎರಡನೆಯದು ಪ್ರಮಾಣ ನೋಡಿ ಹೆಣೆಯುವುದು: ಒಂದು ಕಡೆ ೧೦೦ ಜನ, ಇನ್ನೊಂದು ಕಡೆ ೫೦ ಜನ ಇದ್ದರೆ ಇಬ್ಬರಿಗೊಬ್ಬರಂತೆ. ಇದನ್ನೇ ಸೂಕ್ಷ್ಮಮಾಡಿ ದೊಡ್ಡ ವಿಮಾನದ ಕ್ಯಾಪ್ಟನ್ನರು ಎಷ್ಟು, ಸಣ್ಣದರ ಸಹಚಾಲಕರು ಎಷ್ಟು ಎಂದು ವರ್ಗವರ್ಗವಾಗಿ ಹೆಣೆಯುವುದೂ ಉಂಟು. ಮೂರನೆಯದು, ಕೊಂಡ ಕಂಪನಿಯ ಪಟ್ಟಿ ಮುಗಿದ ಮೇಲೆ ಅದರ ಬಾಲಕ್ಕೆ ಇನ್ನೊಂದು ಪಟ್ಟಿಯನ್ನು ಅಂಟಿಸಿಬಿಡುವುದು. ಮೊದಲಿನ ಎರಡರಲ್ಲಿ ವಾದವಿದೆ, ಮೂರನೆಯದರಲ್ಲಿರುವುದು ಬಲವೊಂದೇ.

ನಮ್ಮ ದೇಶಕ್ಕೆ ಈ ಪ್ರಶ್ನೆ ದೊಡ್ಡದಾಗಿ ಎದುರಾದದ್ದು ೧೯೫೩ರಲ್ಲಿ. ಅದಕ್ಕೆ ಇಪ್ಪತ್ತೊಂದು ವರ್ಷ ಮುಂಚೆ, ೧೯೩೨ರ ಅಕ್ಟೋಬರಿನಲ್ಲಿ, ಟಾಟಾ ಕಂಪನಿಯ ಅಂಚೆಯ ವಿಮಾನ ಕರಾಚಿಯಿಂದ ಹೊರಟು ಅಹಮದಾಬಾದು, ಮುಂಬಯಿಗಳನ್ನು ಹಾದು, ನಮ್ಮ ಬಳ್ಳಾರಿಯಲ್ಲಿ ಇಳಿದು ಮದರಾಸನ್ನು ಸೇರಿತ್ತು. ಕರಾಚಿಯಿಂದ ಮುಂಬಯಿಯವರೆಗೆ ಜೆ. ಆರ್. ಡಿ. ಟಾಟಾ ಅವರೂ, ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅವರೂ ಅದನ್ನು ನಡೆಸಿದರು. ಅಂದು ಪಟ್ಟಿಯೂ ಇರಲಿಲ್ಲ, ಪಟ್ಟಿಯ ಜಗಳವೂ ಇರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಗುತಾಯವಾದ ಡಕೋಟಾ ವಿಮಾನಗಳು ಅಗ್ಗಕ್ಕೆ ದೊರೆತು ಕಂಪನಿಗಳು ಅಣಬೆಗಳಂತೆ ಎದ್ದವು. ಕೆಲವೇ ವರ್ಷಗಳಲ್ಲಿ ಹಲವಕ್ಕೆ ನಷ್ಟವೂ ಬಂದಿತು.

೧೯೫೩ರ ವಾಯು ನಿಗಮಗಳ ಶಾಸನದ ಮೂಲಕ ಸರ್ಕಾರ ಅವನ್ನು ವಹಿಸಿಕೊಂಡಿತು. ಹೊರದೇಶದ ಹಾರಾಟಕ್ಕೆ ಏರ್ ಇಂಡಿಯಾ ಇಂಟರ್‌ನ್ಯಾಷನಲ್, ಒಳನಾಡಿನ ಹಾರಾಟಕ್ಕೆ ಇಂಡಿಯನ್ ಏರ್‌ಲೈನ್ಸ್ ಕಾರ್ಪೊರೇಷನ್. ಹೈದರಾಬಾದಿನ ಡೆಕ್ಕನ್ ಏರ್‌ವೇಸ್, ಭಾರತ್ ಏರ್‌ವೇಸ್, ಹಿಮಾಲಯನ್ ಏವಿಯೇಷನ್, ಕಳಿಂಗ ಏರ್‌ಲೈನ್ಸ್ ಮೊದಲಾದ ಎಂಟು ಕಂಪನಿಗಳ ಒಳನಾಡಿನ ಕೆಲಸ ೧೯೫೩ರ ಆಗಸ್ಟ್ ೧ರಂದು ಎರಡನೆಯ ನಿಗಮಕ್ಕೆ ಸೇರಿತು. ಜೊತೆಗೆ ಬಂದ ವಿಮಾನಗಳು ೯೯. ಅದರಲ್ಲಿ ೭೪ ಡಕೋಟಾಗಳು.

ವಿಮಾನಗಳನ್ನು ಎಣಿಸುವುದು ಸುಲಭ, ಜನರನ್ನು ಜೋಡಿಸುವುದು ಕಷ್ಟ. ಆ ಶಾಸನದ ೨೦ನೆಯ ಕಲಂ ನೌಕರರಿಗೆ ಒಂದು ಆಶ್ವಾಸನೆಯನ್ನು ಕೊಟ್ಟಿತು. ೧೯೫೨ರ ಜುಲೈ ೧ಕ್ಕೆ ಮುಂಚೆ ಕೆಲಸಕ್ಕೆ ಸೇರಿ, ವಹಿಸಿಕೊಳ್ಳುವ ದಿನದವರೆಗೂ ಕೆಲಸದಲ್ಲಿದ್ದವರು ಅದೇ ಸಂಬಳ, ಅದೇ ಷರತ್ತುಗಳ ಮೇಲೆ ನಿಗಮದ ನೌಕರರಾಗುವರು. ಮುಂದೆ ನಿಗಮ ಕ್ರಮವರಿತು ಷರತ್ತುಗಳನ್ನು ಬದಲಾಯಿಸಬಹುದು. ಅನ್ನಕ್ಕೆ ದಾರಿಯಾಯಿತು, ಅದು ಸಣ್ಣ ಮಾತಲ್ಲ. ಆದರೆ ಎಂಟು ಮನೆಯ ಪಟ್ಟಿಗಳನ್ನು ಯಾವ ಸೂತ್ರದಿಂದ ಒಂದು ಮಾಡಬೇಕೆಂಬುದನ್ನು ಆ ಕಲಂ ಹೇಳಲಿಲ್ಲ. ಕೆಲಸ ಉಳಿಯುವುದು ಬೇರೆ, ಕೆಲಸದಲ್ಲಿ ತನ್ನ ಸ್ಥಾನ ಉಳಿಯುವುದು ಬೇರೆ ಎಂಬ ಭೇದ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇದೇ ಕಾಲಕ್ಕೆ ಕನ್ನಡಿಗರ ಮನೆಯಲ್ಲಿಯೂ ಇಂಥದೇ ಒಂದು ಕೂಡಿಕೆ ನಡೆಯಿತು. ಇಂಡಿಯನ್ ಏರ್‌ಲೈನ್ಸ್ ಹುಟ್ಟಿದ ಎರಡು ತಿಂಗಳಿಗೆ, ೧೯೫೩ರ ಅಕ್ಟೋಬರ್ ೧ರಂದು, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ೧೯೫೬ರ ನವೆಂಬರ್ ೧ರಂದು ಮುಂಬಯಿ, ಹೈದರಾಬಾದು, ಮದರಾಸು ರಾಜ್ಯಗಳ ಕನ್ನಡ ಭಾಗಗಳೂ ಕೊಡಗೂ ಹಳೆಯ ಮೈಸೂರಿನೊಡನೆ ಒಂದಾದುವು. ನಾಡಿಗೆ ಹಬ್ಬ, ಕಚೇರಿಗಳಿಗೆ ಮಾತ್ರ ತಲೆನೋವು. ಐದು ಕಡೆಯ ಗುಮಾಸ್ತರು, ಅಮಲ್ದಾರರು, ಮಾಮಲೇದಾರರು, ತಹಸೀಲ್ದಾರರು, ಉಪಾಧ್ಯಾಯರು ಒಂದೇ ಸಾಲಿನಲ್ಲಿ ನಿಲ್ಲಬೇಕಾಯಿತು. ಅವರವರ ಸಂಬಳದ ಶ್ರೇಣಿ ಬೇರೆ, ಹುದ್ದೆಯ ಹೆಸರು ಬೇರೆ, ಬಡ್ತಿಯ ವೇಗ ಬೇರೆ.

ಅದಕ್ಕಾಗಿ ೧೯೫೬ರ ಮೇ ತಿಂಗಳಲ್ಲಿಯೇ ಮುಖ್ಯ ಕಾರ್ಯದರ್ಶಿಗಳು ದೆಹಲಿಯಲ್ಲಿ ಸೇರಿ ಕೆಲವು ತತ್ತ್ವಗಳನ್ನು ಗೊತ್ತುಮಾಡಿದ್ದರು. ಎರಡು ಹುದ್ದೆಗಳು ಸಮವೇ ಎಂಬುದನ್ನು ಕೆಲಸದ ಸ್ವರೂಪ, ಜವಾಬ್ದಾರಿ ಮತ್ತು ಅಧಿಕಾರ, ಬೇಕಾದ ಕನಿಷ್ಠ ವಿದ್ಯಾರ್ಹತೆ, ಸಂಬಳ ಈ ನಾಲ್ಕರಿಂದ ಅಳೆಯಬೇಕು. ರಾಜ್ಯಗಳ ಪುನರ್ವಿಂಗಡಣೆಯ ಶಾಸನದ ೧೧೫ನೆಯ ಕಲಂ, ಬಾಧಿತರಾದ ಎಲ್ಲರನ್ನೂ ನ್ಯಾಯವಾಗಿಯೂ ಸಮದೃಷ್ಟಿಯಿಂದಲೂ ಕಾಣಬೇಕೆಂದಿತು. ಅವರ ಅಹವಾಲುಗಳನ್ನು ಪರಿಶೀಲಿಸುವುದಕ್ಕೆ ಸಲಹಾ ಸಮಿತಿಗಳಿಗೂ ಅವಕಾಶಮಾಡಿತು. ಆದರೂ ಆಕ್ಷೇಪಣೆ, ಮರುಪಟ್ಟಿ, ನ್ಯಾಯಾಲಯ ಎಂದು ವರ್ಷಗಟ್ಟಲೆ ಆ ವ್ಯಾಜ್ಯ ನಡೆದದ್ದನ್ನು ಹಿರಿಯರು ಬಲ್ಲರು. ಭಾಷೆ ಒಂದು, ನಾಡು ಒಂದು, ಮನಸ್ಸು ಒಂದು ಎಂದವರೂ ಪಟ್ಟಿಯ ಮುಂದೆ ಬಂದಾಗ ‘ನಾನು ಎಷ್ಟನೆಯವನು?’ ಎಂದು ಕೇಳದೆ ಇರಲಿಲ್ಲ. ಅದು ತಪ್ಪೂ ಅಲ್ಲ.

‘ನ್ಯಾಯವಾಗಿ, ಸಮದೃಷ್ಟಿಯಿಂದ’ ಎಂಬ ಇವೇ ಎರಡು ಮಾತುಗಳು ಹದಿನಾರು ವರ್ಷಗಳಾದ ಮೇಲೆ ಅಮೆರಿಕದ ವಿಮಾನಯಾನದಲ್ಲಿ ಕೇಳಿಬಂದುವು. ೧೯೭೨ರಲ್ಲಿ ಅಲೆಗೆನಿ ಎಂಬ ಕಂಪನಿ ಮೊಹಾಕ್ ಎಂಬ ಕಂಪನಿಯನ್ನು ಸೇರಿಸಿಕೊಂಡಿತು. ಆಗ ವಿಮಾನ ಕಂಪನಿಗಳ ವಿಲೀನಕ್ಕೆ ಅಲ್ಲಿನ ಸರ್ಕಾರದ ವಾಯುಯಾನ ಮಂಡಲಿಯ ಅಪ್ಪಣೆ ಬೇಕಾಗಿತ್ತು. ಎರಡು ಪಟ್ಟಿಗಳನ್ನು ನ್ಯಾಯವಾಗಿಯೂ ಸಮದೃಷ್ಟಿಯಿಂದಲೂ ಕೂಡಿಸಬೇಕು, ಒಪ್ಪಂದವಾಗದಿದ್ದರೆ ಪಂಚಾಯಿತಿಗೆ ಹೋಗಬೇಕು ಎಂಬ ಷರತ್ತನ್ನು ಹಾಕಿ ಮಂಡಲಿ ಅಪ್ಪಣೆ ಕೊಟ್ಟಿತು. ಗಮನಿಸಬೇಕಾದ ಸಂಗತಿಯೆಂದರೆ, ಸೂತ್ರ ಇಂಥದೇ ಎಂದು ಅದು ಹೇಳಲಿಲ್ಲ. ಮಾರ್ಗವನ್ನು ಮಾತ್ರ ಹೇಳಿತು. ಆದರೆ ೧೯೭೮ರಲ್ಲಿ ಸರ್ಕಾರ ವಿಮಾನಯಾನದ ಕಡಿವಾಣವನ್ನು ಸಡಿಲಿಸಿತು. ಕೆಲವು ವರ್ಷಗಳಲ್ಲಿ ಆ ಮಂಡಲಿಯೇ ಮುಚ್ಚಿಹೋಯಿತು. ಮುಂದೆ ಈ ಷರತ್ತು ಕಂಪನಿ ಕಂಪನಿಯ ಒಪ್ಪಂದದಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬಂತಾಯಿತು.

ಆ ರಕ್ಷಣೆಯಿಲ್ಲದಿದ್ದರೆ ಏನಾಗುತ್ತದೆಂಬುದು ೨೦೦೧ರಲ್ಲಿ ತಿಳಿಯಿತು. ಟ್ರಾನ್ಸ್ ವರ್ಲ್ಡ್ ಏರ್‌ಲೈನ್ಸ್ ಎಂಬ ಹಳೆಯ ಹೆಸರಾಂತ ಕಂಪನಿ ದಿವಾಳಿಯೆದ್ದು ಅಮೆರಿಕನ್ ಏರ್‌ಲೈನ್ಸ್‌ಗೆ ಮಾರಾಟವಾಯಿತು. ಮುಳುಗುವ ಕಂಪನಿಯ ಚಾಲಕರ ಒಪ್ಪಂದದಲ್ಲಿ ಪಂಚಾಯಿತಿಯ ಹಕ್ಕು ಇದ್ದೇ ಇತ್ತು. ಅದನ್ನು ಬಿಟ್ಟುಕೊಡದಿದ್ದರೆ ಮಾರಾಟವೇ ನಿಲ್ಲುತ್ತದೆಂಬ ಒತ್ತಡ ಬಂದಿತು, ಬಿಟ್ಟುಕೊಟ್ಟರು. ಅವರಲ್ಲಿ ಸುಮಾರು ೨,೩೦೦ ಜನರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಕೊಂಡ ಕಂಪನಿಯ ಪಟ್ಟಿಯ ತಳಕ್ಕೆ ಬಿದ್ದರು. ಅದೇ ವರ್ಷ ಸೆಪ್ಟೆಂಬರ್ ೧೧ರ ದುರಂತವಾಗಿ ಪ್ರಯಾಣಿಕರು ಕಡಮೆಯಾದರು, ಚಾಲಕರನ್ನು ಮನೆಗೆ ಕಳಿಸತೊಡಗಿದರು. ಕಳಿಸುವುದು ತಳದಿಂದ ತಾನೆ? ತಲೆ ನರೆತ ಅನೇಕರು ಹೊಸಬರಂತೆ ಮೊದಲು ಹೊರಬಿದ್ದರು.

ಆ ಚಾಲಕರು ತಮ್ಮನ್ನು ಸರಿಯಾಗಿ ಪ್ರತಿನಿಧಿಸಲಿಲ್ಲವೆಂದು ತಮ್ಮ ಸಂಘದ ಮೇಲೆಯೇ ದಾವೆ ಹೂಡಿದರು. ೨೦೧೧ರಲ್ಲಿ ಜ್ಯೂರಿ ಅವರ ಪರವಾಗಿ ತೀರ್ಪಿತ್ತಿತು. ೨೦೧೪ರಲ್ಲಿ ಸಂಘ ೫ ಕೋಟಿ ೩೦ ಲಕ್ಷ ಡಾಲರು ಕೊಟ್ಟು ರಾಜಿಮಾಡಿಕೊಂಡಿತು. ಕಂಪನಿಯ ಗಗನಸಖಿಯರಿಗೂ ಇದೇ ಗತಿಯಾಗಿತ್ತು. ಈ ಜನರಲ್ಲಿ ಬಹುಮಂದಿ ಮಿಸ್ಸೂರಿ ಸಂಸ್ಥಾನದವರು. ಆ ಸಂಸ್ಥಾನದ ಇಬ್ಬರು ಸೆನೇಟರುಗಳು, ಮೆಕ್ಯಾಸ್ಕಿಲ್ ಮತ್ತು ಬಾಂಡ್ ಎಂಬುವರು, ಬೇರೆ ಬೇರೆ ಪಕ್ಷದವರಾದರೂ ಕೂಡಿ ದುಡಿದು, ೧೯೭೨ರ ಆ ಷರತ್ತನ್ನು ೨೦೦೭ರ ಡಿಸೆಂಬರಿನಲ್ಲಿ ದೇಶದ ಶಾಸನವನ್ನಾಗಿ ಮಾಡಿಸಿದರು. ಬಾಲಕ್ಕೆ ಅಂಟಿಸುವ ಬಲಾತ್ಕಾರಕ್ಕೆ ಅಂದಿನಿಂದ ಅಲ್ಲಿ ತಡೆ ಬಿದ್ದಿತು.

ಪಂಚಾಯಿತಿಯಾದರೆ ಎಲ್ಲವೂ ಸುಗಮವೆ? ಅದೂ ಇಲ್ಲವೆಂಬುದಕ್ಕೆ ಇನ್ನೊಂದು ಕಥೆಯಿದೆ. ಅಲೆಗೆನಿ ಕಂಪನಿಯೇ ಮುಂದೆ ಹೆಸರು ಬದಲಾಯಿಸಿಕೊಂಡು ಯು. ಎಸ್. ಏರ್‌ವೇಸ್ ಆಗಿತ್ತು. ೨೦೦೫ರಲ್ಲಿ ಅದು ದಿವಾಳಿಯ ಸ್ಥಿತಿಯಲ್ಲಿದ್ದಾಗ ಅಮೆರಿಕ ವೆಸ್ಟ್ ಎಂಬ ಚಿಕ್ಕ ಕಂಪನಿಯೊಡನೆ ಕೂಡಿತು. ಪೂರ್ವದ ಕಂಪನಿಯಲ್ಲಿ ಸುಮಾರು ೫,೧೦೦ ಚಾಲಕರು. ಅವರಲ್ಲಿ ಸುಮಾರು ೧,೭೦೦ ಜನ ಕೆಲಸವಿಲ್ಲದೆ ಮನೆಯಲ್ಲಿದ್ದರು. ಪಶ್ಚಿಮದವರು ಸುಮಾರು ೧,೯೦೦. ಕಡಮೆ ವರ್ಷಗಳವರು, ಆದರೆ ಕೆಲಸದಲ್ಲಿದ್ದವರು. ನಾನು ಹೇಳಿದ ಎರಡು ಅಂಗಳಗಳ ಪಂಕ್ತಿಯೇ ಇದು. ಪೂರ್ವದವರು ನೇಮಕದ ದಿನಾಂಕ ನೋಡಿ ಎಂದರು. ಪಶ್ಚಿಮದವರು, ನಾವು ಬರದಿದ್ದರೆ ನಿಮ್ಮ ಕಂಪನಿಯೇ ಇರುತ್ತಿರಲಿಲ್ಲ ಎಂದರು.

ಜಾರ್ಜ್ ನಿಕೊಲೌ ಎಂಬ ಅನುಭವಿ ಪಂಚರ ಅಧ್ಯಕ್ಷತೆಯ ಮಂಡಲಿ ೨೦೦೭ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ದೊಡ್ಡ ವಿಮಾನಗಳನ್ನು ಹಾರಿಸುತ್ತಿದ್ದ ಪೂರ್ವದ ೫೦೦ಕ್ಕೂ ಹೆಚ್ಚು ಮಂದಿಗೆ ಪಟ್ಟಿಯ ತುದಿ. ಮನೆಯಲ್ಲಿದ್ದ ೧,೭೦೦ ಜನರಿಗೆ ಪಟ್ಟಿಯ ತಳ. ನಡುವಿನವರನ್ನು ಪ್ರಮಾಣ ನೋಡಿ ಹೆಣೆದರು. ಪೂರ್ವದಲ್ಲಿ ಹದಿನಾರು ವರ್ಷಕ್ಕೂ ಮೀರಿ ಸೇವೆಮಾಡಿದವನ ಪಕ್ಕದಲ್ಲಿ, ಪಶ್ಚಿಮದಲ್ಲಿ ಕೆಲವೇ ತಿಂಗಳ ಹಿಂದೆ ಸೇರಿದವನು ಬಂದು ನಿಂತ. ಲೆಕ್ಕಕ್ಕೆ ಅದು ಸರಿಯಿರಬಹುದು; ಹದಿನಾರು ವರ್ಷದವನ ಎದೆಗೆ ಅದು ಇಳಿಯಲಿಲ್ಲ.

ಸಂಖ್ಯಾಬಲವಿದ್ದ ಪೂರ್ವದವರು ೨೦೦೮ರಲ್ಲಿ ಮತ ಹಾಕಿ ಹಳೆಯ ಸಂಘವನ್ನು ಹೊರಗಿಟ್ಟು ಹೊಸ ಸಂಘವನ್ನು ತಂದರು. ಅದು ಆ ಪಟ್ಟಿಯನ್ನು ಒಪ್ಪಲಿಲ್ಲ. ಪಶ್ಚಿಮದವರು ನ್ಯಾಯಾಲಯಕ್ಕೆ ಹೋದರು. ೨೦೦೯ರಲ್ಲಿ ಗೆದ್ದರು, ೨೦೧೦ರಲ್ಲಿ ಮೇಲಿನ ನ್ಯಾಯಾಲಯ, ದಾವೆಗೆ ಇನ್ನೂ ಕಾಲ ಬಂದಿಲ್ಲವೆಂದು ಅದನ್ನು ತೆಗೆದುಹಾಕಿತು. ೨೦೧೩ರಲ್ಲಿ ಕಂಪನಿ ಅಮೆರಿಕನ್ ಏರ್‌ಲೈನ್ಸ್ ಜೊತೆ ಮತ್ತೆ ವಿಲೀನವಾಯಿತು. ೨೦೧೫ರಲ್ಲಿ ಅದೇ ಮೇಲಿನ ನ್ಯಾಯಾಲಯ, ಹೊಸ ಸಂಘ ಪಶ್ಚಿಮದವರಿಗೆ ಅನ್ಯಾಯಮಾಡಿತೆಂದಿತು. ಮೂರು ಪಟ್ಟಿಗಳು ಕೂಡಿ ಒಂದಾದದ್ದು ೨೦೧೬ರ ಸೆಪ್ಟೆಂಬರಿನಲ್ಲಿ. ಹನ್ನೊಂದು ವರ್ಷ! ಅಷ್ಟರಲ್ಲಿ ನಿಕೊಲೌ ಪಟ್ಟಿ ಒಂದು ದಿನವೂ ಜಾರಿಗೆ ಬರಲಿಲ್ಲ. ಒಂದೇ ಕಂಪನಿಯ ಸಮವಸ್ತ್ರ ತೊಟ್ಟವರು ಎರಡು ಪಂಗಡಗಳಾಗಿ ಬೇರೆ ಬೇರೆ ಹಾರಿದರು. ಹೊಸ ಒಪ್ಪಂದವಾಗದೆ ಪೂರ್ವದವರು ದಿವಾಳಿಯ ಕಾಲದ ಕಡಮೆ ಸಂಬಳದಲ್ಲಿಯೇ ವರ್ಷಗಳನ್ನು ಕಳೆದರು. ಪಟ್ಟಿಯಲ್ಲಿ ಸ್ಥಾನ ಉಳಿಸಿಕೊಳ್ಳಲು ಹೋಗಿ ಕೈಗೆ ಬರಬೇಕಾದ ಹಣವನ್ನು ಬಿಟ್ಟರು. ವಯಸ್ಸು ಮಾತ್ರ ಯಾರಿಗೂ ಕಾಯಲಿಲ್ಲ.

ಇದಕ್ಕೆ ಎದುರಾಗಿ, ಅದೇ ದೇಶದಲ್ಲಿ ೨೦೦೮ರಲ್ಲಿ ಡೆಲ್ಟಾ ಮತ್ತು ನಾರ್ತ್‌ವೆಸ್ಟ್ ಕಂಪನಿಗಳು ಕೂಡಿದುವು. ಎರಡೂ ಕಡೆ ಸೇರಿ ಸುಮಾರು ೧೨,೦೦೦ ಚಾಲಕರು. ಆದರೆ ಅವರು ವಿಲೀನ ಮುಗಿಯುವ ಮೊದಲೇ ಎಲ್ಲರಿಗೂ ಒಂದೇ ಸಂಬಳದ ಒಪ್ಪಂದವನ್ನು ಮಾಡಿಕೊಂಡಿದ್ದರು. ಪಂಚಾಯಿತಿಗೂ ಮುಂಚೆಯೇ ಒಪ್ಪಿದ್ದರು. ಅಕ್ಟೋಬರಿನ ಕೊನೆಯಲ್ಲಿ ವಿಲೀನ, ಡಿಸೆಂಬರಿನಲ್ಲಿ ಪಟ್ಟಿ. ಗೊಣಗಿದವರು ಇದ್ದರು, ಆದರೆ ವಿಮಾನಗಳು ಹಾರಿದುವು. ಅಲ್ಲಿಯ ಸೂತ್ರವೂ ಪ್ರಮಾಣದ ಸೂತ್ರವೇ. ಭೇದವಿದ್ದದ್ದು ಹೊತ್ತಿನಲ್ಲಿ: ಒಬ್ಬರು ಮದುವೆಗೆ ಮೊದಲು ಮಾತಾಡಿದರು, ಇನ್ನೊಬ್ಬರು ಮದುವೆಯಾದ ಮೇಲೆ.

ನಮ್ಮಲ್ಲಿಯೂ ಮದುವೆಯಾದ ಮೇಲೆ ಮಾತಾಡುವುದೇ ಆಯಿತು. ೨೦೦೭ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್‌ಗಳನ್ನು ಸರ್ಕಾರ ಒಂದು ಮಾಡಿತು. ೧೯೫೩ರಲ್ಲಿ ಅವಳಿಗಳಂತೆ ಹುಟ್ಟಿದ ಈ ಎರಡಕ್ಕೂ ಬೇರೆ ಬೇರೆ ಚಾಲಕರ ಸಂಘ, ಬೇರೆ ಸಂಬಳ, ಬೇರೆ ಬಡ್ತಿಯ ವೇಗ. ೨೦೧೧ರಲ್ಲಿ ಹಳೆಯ ಇಂಡಿಯನ್ ಏರ್‌ಲೈನ್ಸ್ ಚಾಲಕರು ಸಮಾನ ಸಂಬಳ ಬೇಕೆಂದು ಸುಮಾರು ಹತ್ತು ದಿನ ಮುಷ್ಕರ ಹೂಡಿದರು. ನ್ಯಾಯಮೂರ್ತಿ ಧರ್ಮಾಧಿಕಾರಿ ಅವರ ಸಮಿತಿ ನೇಮಕವಾಗಿ ೨೦೧೨ರ ಜನವರಿಯಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ಇನ್ನೊಂದು ಕಡೆಯವರ ಸರದಿ. ವಿಲೀನಕ್ಕೆ ಮೊದಲೇ ಏರ್ ಇಂಡಿಯಾ ೨೭ ಡ್ರೀಮ್‌ಲೈನರ್ ವಿಮಾನಗಳಿಗೆ ಬೇಡಿಕೆ ಕೊಟ್ಟಿತ್ತು; ಅವುಗಳ ತರಬೇತಿಗೆ ಇಂಡಿಯನ್ ಏರ್‌ಲೈನ್ಸ್‌ನವರನ್ನೂ ಕಳಿಸಬಾರದೆಂದು ಏರ್ ಇಂಡಿಯಾದ ಹಳೆಯ ಚಾಲಕರು ೫೮ ದಿನ ಕೆಲಸ ನಿಲ್ಲಿಸಿದರು. ನೂರಕ್ಕೂ ಹೆಚ್ಚು ಮಂದಿ ವಜಾ ಆದರು. ದೆಹಲಿಯ ಉಚ್ಚ ನ್ಯಾಯಾಲಯದ ಮುಂದೆ ಜುಲೈ ತಿಂಗಳಲ್ಲಿ ಮುಷ್ಕರ ಮುಗಿಯಿತು. ಇನ್ನೂ ದೇಶಕ್ಕೆ ಬಾರದ ವಿಮಾನಕ್ಕಾಗಿ ಅಷ್ಟು ದಿನದ ಜಗಳ! ಅದು ವಿಮಾನದ ಜಗಳವಲ್ಲ; ಆ ವಿಮಾನದ ಎಡಗಡೆಯ ಆಸನಕ್ಕೆ ಯಾರು ಯಾವ ವಯಸ್ಸಿನಲ್ಲಿ ತಲಪುವರು ಎಂಬುದರ ಜಗಳ.

ಬೆಂಗಳೂರು ಕಂಡ ಪಾಠ ಇದಕ್ಕಿಂತ ಕಠಿಣ. ಅಲ್ಲಿಯೇ ನೆಲೆಯಾಗಿದ್ದ ಏರ್ ಡೆಕ್ಕನ್ ೨೦೦೩ರಲ್ಲಿ ಹಾರಾಟ ಆರಂಭಿಸಿ, ೨೦೦೮ರಲ್ಲಿ ಕಿಂಗ್‌ಫಿಷರ್ ಕಂಪನಿಯೊಡನೆ ಒಂದಾಯಿತು. ೨೦೧೨ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು. ಅದಕ್ಕೆ ಮುಂಚೆ ಸಂಬಳ ತಿಂಗಳುಗಟ್ಟಲೆ ನಿಂತಿತ್ತು. ಪಟ್ಟಿಯಲ್ಲಿ ಒಂದನೆಯವನಾದರೇನು, ಕೊನೆಯವನಾದರೇನು? ಜ್ಯೇಷ್ಠತೆಗಿಂತ ದೊಡ್ಡದು ಕಂಪನಿಯ ಆಯುಷ್ಯ ಎಂಬುದನ್ನು ಪೂರ್ವದವರಿಗೆ ಪಶ್ಚಿಮದವರು ಹೇಳಿದ ಮಾತು ಇಲ್ಲಿ ನಿಜವಾಗಿ ಕಂಡಿತು.

೨೦೨೨ರ ಜನವರಿಯಲ್ಲಿ ಏರ್ ಇಂಡಿಯಾ ಮತ್ತೆ ಟಾಟಾ ಮನೆಗೆ ಬಂದಿತು. ೨೦೨೪ರ ಅಕ್ಟೋಬರ್ ೧ರಂದು, ಹಿಂದೆ ಏರ್ ಏಷ್ಯಾ ಇಂಡಿಯಾ ಎಂಬ ಹೆಸರಿನಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ಕಂಪನಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನಲ್ಲಿಯೂ, ನವೆಂಬರ್ ೧೨ರಂದು ವಿಸ್ತಾರ ಕಂಪನಿ ಏರ್ ಇಂಡಿಯಾದಲ್ಲಿಯೂ ಲೀನವಾದುವು. ಬಳ್ಳಾರಿಯಲ್ಲಿ ಇಳಿದ ಆ ಪುಟ್ಟ ವಿಮಾನದ ವಂಶ ಇಷ್ಟು ಕವಲೊಡೆದು ಮತ್ತೆ ಕೂಡಿದೆ. ಕೂಡಿದ ಕಡೆಯಲ್ಲೆಲ್ಲ ಪಟ್ಟಿಯ ಪ್ರಶ್ನೆಯೂ ಕೂಡಿಯೇ ಬರುತ್ತದೆ.

ಈ ನೂರು ವರ್ಷದ ಕಥೆಯಿಂದ ತಿಳಿಯುವುದಿಷ್ಟು. ಎರಡು ಪಟ್ಟಿಗಳನ್ನು ಕೂಡಿಸಿ ಎಲ್ಲರಿಗೂ ಒಪ್ಪಿಗೆಯಾಗುವ ಸೂತ್ರವನ್ನು ಈವರೆಗೆ ಯಾರೂ ಕಂಡುಹಿಡಿದಿಲ್ಲ, ಮುಂದೆ ಕಂಡುಹಿಡಿಯುವುದೂ ಸಂದೇಹ. ಕಾದ ಕಾಲವೂ ನಿಜ, ತಂದ ಅನ್ನವೂ ನಿಜ. ಒಂದು ತಕ್ಕಡಿಯಲ್ಲಿ ಅವೆರಡನ್ನೂ ತೂಗಲಾಗದು. ಮನುಷ್ಯನ ಕೈಯಲ್ಲಿರುವುದು ತೂಗುವ ಕ್ರಮ. ಕೂಡುವ ಮೊದಲೇ ಮಾತಾಡುವುದು, ಬಲವಿಲ್ಲದವನ ಅಹವಾಲನ್ನೂ ಕೇಳುವುದು, ಇಬ್ಬರೂ ಒಪ್ಪಿ ಆರಿಸಿದ ಪಂಚರು ಹೇಳಿದ ಮೇಲೆ ಅದಕ್ಕೆ ತಲೆಬಾಗುವುದು. ೧೯೫೬ರ ನಮ್ಮ ಶಾಸನವೂ ೧೯೭೨ರ ಅವರ ಷರತ್ತೂ ಹೇಳಿದ್ದು ಇದನ್ನೇ. ಈ ಕ್ರಮವನ್ನು ಪಾಲಿಸಿದಲ್ಲಿ ಗೊಣಗಾಟ ಉಳಿಯಿತು; ಪಾಲಿಸದಲ್ಲಿ ವೈರ ಉಳಿಯಿತು.

ವೈರ ಚಾಲಕರ ಮನೆಯಲ್ಲಿಯೇ ನಿಲ್ಲುವುದಿಲ್ಲ. ಪುಟ್ಟ ಕೋಣೆಯಲ್ಲಿ ಪಕ್ಕಪಕ್ಕದಲ್ಲಿ ಕುಳಿತ ಇಬ್ಬರು ಒಬ್ಬರ ಮಾತನ್ನು ಇನ್ನೊಬ್ಬರು ನಂಬಬೇಕು. ಮಂಜು ಕವಿದಾಗ ಒಬ್ಬನು ‘ಬೇಡ’ ಎಂದರೆ ಇನ್ನೊಬ್ಬನು ಕೇಳಬೇಕು. ೧೯೧೯ರ ಆ ಮಂಜಿನ ದಿನ ಚಾಲಕರು ಬೇಡಿದ್ದು ಆ ಒಂದು ಮಾತಿನ ಹಕ್ಕನ್ನು. ಪಟ್ಟಿ ಹುಟ್ಟಿದ್ದು ಅದನ್ನು ಕಾಯುವುದಕ್ಕೆ. ಪಟ್ಟಿಯ ಜಗಳದಲ್ಲಿ ಅದನ್ನೇ ಕಳೆದುಕೊಂಡರೆ, ಜ್ಯೇಷ್ಠರು ಯಾರಾದರೇನು, ಶ್ರೇಷ್ಠರು ಯಾರೂ ಉಳಿಯುವುದಿಲ್ಲ.